ಬಹುಮಾಧ್ಯಮ ಫೋನು: ಗುಣದೋಷ ವಿಚಾರ

ಮಡಕೆಯಲ್ಲಿ ಅನ್ನವು ಬೆಂದಿತೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ ಗೃಹಿಣಿಯು ಮಡಕೆಯನ್ನೆಲ್ಲ ಬಗ್ಗಿಸಿ ನೋಡುವುದಿಲ್ಲ. ಒಂದು ಅಗುಳನ್ನು ಬೆರಳಿನಿಂದ ಹಿಸುಕಿ ನೋಡುತ್ತಾಳೆ. ಶಾಸ್ತ್ರಜ್ಞರು ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟರು. ಪ್ರಕೃತ ಲೇಖನದಲ್ಲಿ ನಾವು ಅನುಸರಿಸಲಿರುವುದೂ ಈ ನ್ಯಾಯವನ್ನೇ. ಚಿತ್ರ ತೆಗೆಯುವುದು, ಚಲಚ್ಚಿತ್ರ ತೋರಿಸುವುದು, ಹಾಡು ಕೇಳಿಸುವುದು ಮೊದಲಾದ ನಾನಾ ವಿದ್ಯೆಗಳನ್ನು ಒಡಲಲ್ಲಿಟ್ಟುಕೊಂಡು ಮಾರುಕಟ್ಟೆಗೆ ಬರುವ ಫೋನುಗಳು ಇಂದು ಅಸಂಖ್ಯಾತವಾಗಿವೆ. ಅವೆಲ್ಲವನ್ನೂ ಪರೀಕ್ಷಿಸುವ ಶಕ್ತಿ ನಮಗಿಲ್ಲ, ವಾಚಕರಿಗೆ ಅಷ್ಟು ವ್ಯವಧಾನವೂ ಇರಲಾರದು. ಆದಕಾರಣ ಒಂದನ್ನು ಮಾತ್ರ ತೆಗೆದುಕೊಂಡು ಅದರ ಗುಣಗಳಾವುವು, ದೋಷಗಳಾವುವು ಎಂಬುದನ್ನು ಯಥಾಮತಿ ವಿವೇಚಿಸುತ್ತೇವೆ.

ಈ ವಿಚಾರಕ್ಕೆ ನಿಮಿತ್ತವಾದುದು ಒಂದು ಸಣ್ಣ ಸಂಗತಿ. ಪಾಠ ಹೇಳುವುದನ್ನು ನಾವು ಬಿಟ್ಟರೂ ಮೇಷ್ಟ್ರೆಂಬ ಹೆಸರು ನಮ್ಮನ್ನು ಬಿಟ್ಟಿಲ್ಲ. ಅರ್ಜಿ ಬರೆಸುವುದಕ್ಕೂ, ಮಗುವಿಗೆ ಹೆಸರು ಹುಡುಕಿಸುವುದಕ್ಕೂ ಬೀದಿಯ ಜನ ನಮ್ಮಲ್ಲಿಗೆ ಬರುವುದುಂಟು. ಕಳೆದ ತಿಂಗಳು, ಹಿಂದೆ ನಮ್ಮ ತರಗತಿಯಲ್ಲಿ ಓದಿ ಈಗ ಎರಡು ಮಕ್ಕಳ ತಾಯಿಯಾಗಿರುವ ಹೆಣ್ಣುಮಗಳೊಬ್ಬಳು ಬಂದು, “ಮೇಷ್ಟ್ರೇ, ಚೀಟಿಯ ಹಣ ಕೈಗೆ ಬಂದಿದೆ. ಫೋಟೋ, ವಿಡಿಯೋ, ಹಾಡು ಎಲ್ಲವೂ ಚೆನ್ನಾಗಿರುವ ಫೋನನ್ನು ಕೊಳ್ಳೋಣವೆಂದಿದ್ದೇವೆ. ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಒಳ್ಳೆಯದೆಂದು ನೀವು ಹೇಳಬೇಕು” ಎಂದಳು. ಎರಡು ವರ್ಷ ತಿಂಗಳುತಿಂಗಳೂ ಕಟ್ಟಿ ಕೂಡಿಸಿದ ಹಣ; ಒಂದೇ ಸಲ ಕೈಬಿಟ್ಟುಹೋಗತಕ್ಕದ್ದು. ಉದಾಸೀನವಾಗಿ ಉತ್ತರ ಹೇಳುವ ಪ್ರಶ್ನೆಯಲ್ಲ.

ನಾವು ಎದ್ದು, ಬೀರುವಿನಲ್ಲಿ ರೇಷ್ಮೆಯ ಚೌಕದಲ್ಲಿ ಸುತ್ತಿಟ್ಟಿದ್ದ ಫೋನೊಂದನ್ನು ತಂದು ಅವಳ ಮುಂದಿಟ್ಟೆವು. ಅವಳು ನಕ್ಕು, “ಇದು ಬಹಳ ಹಳೆಯದಲ್ಲವೇ ಮೇಷ್ಟ್ರೇ?” ಎಂದಳು. ಹಳೆಯದೇ ಸರಿ, ಅದಕ್ಕಾಗಿಯೇ ಅದನ್ನು ಆರಿಸಿದೆವು. ಹೊಸ ಯಂತ್ರದ ಗುಣಗಳನ್ನು ಮಾರುವವನು ಹೇಳುತ್ತಾನೆ. ಅದರ ದೋಷಗಳನ್ನು ಕಾಲವೇ ಹೇಳಬೇಕು. ಪೂರ್ಣಾಯುಷ್ಯವನ್ನು ಕಳೆದ ಯಂತ್ರವೊಂದನ್ನು ಎದುರಿಗಿಟ್ಟುಕೊಂಡರೆ ಎರಡೂ ಸಾಕ್ಷಿಗಳನ್ನು ಕೇಳಿದಂತಾಗುತ್ತದೆ.

ಯಂತ್ರದ ಪರಿಚಯ

ಈ ಫೋನಿನ ಹೆಸರು ನೋಕಿಯಾ ಎನ್ 8. ಫಿನ್ಲೆಂಡ್ ದೇಶದ ನೋಕಿಯಾ ಸಂಸ್ಥೆಯವರು ಇದನ್ನು 2010ನೆಯ ಏಪ್ರಿಲ್ ತಿಂಗಳಲ್ಲಿ ಪ್ರಕಟಿಸಿ ಅದೇ ವರ್ಷದ ಕೊನೆಯ ಭಾಗದಲ್ಲಿ ಮಾರಾಟಕ್ಕೆ ತಂದರು. ಆಗ ನಮ್ಮ ದೇಶದಲ್ಲಿ ಇದರ ಬೆಲೆ ಸುಮಾರು 26 ಸಾವಿರ ರೂಪಾಯಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ತಮ್ಮನು ಇದನ್ನು ಕೊಂಡು, ನಾಲ್ಕು ವರ್ಷ ಬಳಸಿ, ಅನಂತರ ನಮಗೆ ಕೊಟ್ಟನು. ತೂಕ 135 ಗ್ರಾಂ, ದಪ್ಪ 12.9 ಮಿಲಿಮೀಟರು, ಮೈ ಅಲ್ಯೂಮಿನಿಯಮ್ ಲೋಹದ್ದು, ಪರದೆ ಮೂರೂವರೆ ಅಂಗುಲದ್ದು. ಬೆನ್ನ ಮೇಲೆ ಕ್ಯಾಮೆರಾದ ಭಾಗವು ಸ್ವಲ್ಪ ಉಬ್ಬಿಕೊಂಡಿದೆ. ಸಂಸ್ಥೆಯವರು ಇದನ್ನು ಕೇವಲ ಮಾತನಾಡುವ ಸಾಧನವಾಗಿ ಮಾಡಿರಲಿಲ್ಲ. ಕ್ಯಾಮೆರಾ, ರೇಡಿಯೋ, ಸಂಗೀತದ ಪೆಟ್ಟಿಗೆ, ಚಲಚ್ಚಿತ್ರ ಯಂತ್ರ ಇವುಗಳನ್ನೆಲ್ಲ ಒಂದರಲ್ಲಿ ಅಡಕಮಾಡುವುದೇ ಅವರ ಉದ್ದೇಶವಾಗಿತ್ತು.

ಗುಣಗಳು

ಮೊದಲನೆಯ ಗುಣ ಕ್ಯಾಮೆರಾ. ಇದರ ಚಿತ್ರವು 12 ಮೆಗಾಪಿಕ್ಸೆಲಿನದು. ಎಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000 ಬಿಂದುಗಳು. ಗುಣಿಸಿದರೆ ಒಂದು ಕೋಟಿ ಇಪ್ಪತ್ತು ಲಕ್ಷ ಬಿಂದುಗಳಿಂದ ಒಂದು ಚಿತ್ರವಾಗುತ್ತದೆ. ಆದರೆ ಈ ಕ್ಯಾಮೆರಾದ ಹಿರಿಮೆಯು ಬಿಂದುಗಳ ಎಣಿಕೆಯಲ್ಲಿಲ್ಲ. ಮಸೂರದ ಹಿಂದೆ ಬೆಳಕನ್ನು ಗ್ರಹಿಸುವ ಒಂದು ಚಿಕ್ಕ ಫಲಕವಿರುತ್ತದೆ; ಇದಕ್ಕೆ ಸೆನ್ಸರು ಎಂದು ಹೆಸರು. ಈ ಫೋನಿನ ಸೆನ್ಸರು ಅಂದಿನ ಅನೇಕ ಸಣ್ಣ ಕ್ಯಾಮೆರಾಗಳ ಸೆನ್ಸರಿಗಿಂತಲೂ ದೊಡ್ಡದು. ಮಳೆ ಬರುವಾಗ ಅಂಗಳದಲ್ಲಿ ಚೊಂಬನ್ನಿಟ್ಟರೆ ಬೀಳುವ ನೀರಿಗೂ ಕೊಪ್ಪರಿಗೆಯನ್ನಿಟ್ಟರೆ ಬೀಳುವ ನೀರಿಗೂ ಇರುವ ಭೇದವೇ ಇಲ್ಲಿಯೂ ಇರುವುದು. ಫಲಕವು ದೊಡ್ಡದಾದಷ್ಟೂ ಹೆಚ್ಚು ಬೆಳಕು ದೊರೆಯುತ್ತದೆ; ಮಂದಬೆಳಕಿನಲ್ಲಿಯೂ ಚಿತ್ರವು ಕಾಳುಕಾಳಾಗುವುದಿಲ್ಲ. ಮಸೂರವು ಜರ್ಮನಿಯ ಕಾರ್ಲ್ ಜೈಸ್ ಎಂಬ ಪ್ರಸಿದ್ಧ ಸಂಸ್ಥೆಯ ಹೆಸರನ್ನು ಹೊತ್ತಿದೆ.

ಇದರ ಜೊತೆಗೆ ಕ್ಸೆನಾನ್ ಫ್ಲ್ಯಾಶು ಎಂಬ ಮಿಂಚುದೀಪವುಂಟು. ಸಾಮಾನ್ಯ ಫೋನುಗಳಲ್ಲಿರುವ ಎಲ್‌ಇಡಿ ದೀಪದ ಬೆಳಕು ಸೌಮ್ಯವಾದುದು. ಕ್ಸೆನಾನ್ ಅನಿಲವನ್ನು ತುಂಬಿದ ನಳಿಕೆಯಾದರೋ ರೆಪ್ಪೆ ಬಡಿಯುವುದಕ್ಕಿಂತ ಅಲ್ಪಕಾಲದಲ್ಲಿ ಬಲವಾದ ಬೆಳಕನ್ನು ಚೆಲ್ಲಿ ಆರುತ್ತದೆ. ಆ ಕಾರಣದಿಂದ, ಒಂದು ಕ್ಷಣವೂ ನಿಂತಲ್ಲಿ ನಿಲ್ಲದ ಮಗುವಿನ ಚಿತ್ರವೂ ಅಲುಗದೆ ಮೂಡುತ್ತದೆ. ಮನೆಯಲ್ಲಿ ಮಕ್ಕಳಿರುವವರು ಈ ಗುಣದ ಬೆಲೆಯನ್ನು ಬಲ್ಲರು. 2011ರಲ್ಲಿ ಅಮೆರಿಕದಲ್ಲಿ “ಆಲಿವ್” ಎಂಬ ಪೂರ್ಣಪ್ರಮಾಣದ ಚಲಚ್ಚಿತ್ರವನ್ನು, ಬೇರೊಂದು ದೊಡ್ಡ ಮಸೂರವನ್ನು ಮುಂದೆ ಜೋಡಿಸಿ, ಈ ಫೋನಿನಿಂದಲೇ ತೆಗೆದರೆಂದರೆ ಇದರ ಸಾಮರ್ಥ್ಯವನ್ನು ಊಹಿಸಿಕೊಳ್ಳಬಹುದು.

ಎರಡನೆಯ ಗುಣ ಆದಾನಪ್ರದಾನದ ಸೌಕರ್ಯ. ಒಳಗೆ 16 ಜಿಬಿ ಉಗ್ರಾಣವಿದೆ. ಸಾಲದಿದ್ದರೆ ಸಣ್ಣ ಮೆಮೊರಿ ಕಾರ್ಡನ್ನೂ ಹಾಕಬಹುದು. ತಲೆಯ ಕಡೆಯಲ್ಲಿರುವ ಎಚ್‌ಡಿಎಂಐ ಎಂಬ ಕಿಂಡಿಗೆ ಕೇಬಲನ್ನು ಸಿಕ್ಕಿಸಿ ಇನ್ನೊಂದು ತುದಿಯನ್ನು ಟಿವಿಗೆ ಜೋಡಿಸಿದರೆ ಅಂಗೈಯ ಚಿತ್ರವು ಗೋಡೆಯ ಮೇಲೆ ಕಾಣುತ್ತದೆ. ಪಕ್ಕದ ಕಿಂಡಿಗೆ ಪೆನ್‌ಡ್ರೈವನ್ನು ಜೋಡಿಸಿ, ಕಂಪ್ಯೂಟರಿನ ಹಂಗಿಲ್ಲದೆ ಚಿತ್ರಗಳನ್ನು ಅದಕ್ಕೆ ಸಾಗಿಸಬಹುದು. ಆ ಕಾಲದ ಫೋನುಗಳಲ್ಲಿ ಈ ಉಪಕಾರವು ಅಪರೂಪವಾಗಿತ್ತು.

ಮೂರನೆಯದು ಶ್ರವಣಸುಖ. ಕಿವಿಗೆ ಹಾಕುವ ತಂತಿಯೇ ಆಂಟೆನಾ ಆಗಿ ಎಫ್‌ಎಂ ರೇಡಿಯೋ ಬರುತ್ತದೆ. ಇಂಟರ್ನೆಟ್ಟಿನ ಖರ್ಚಿಲ್ಲದೆ ಆಕಾಶವಾಣಿಯನ್ನು ಕೇಳಬಹುದು. ಅಷ್ಟೇ ಅಲ್ಲ, ಫೋನಿನಲ್ಲಿರುವ ಹಾಡನ್ನು ಇದು ತಾನೇ ಸಣ್ಣ ಆಕಾಶವಾಣಿಯಾಗಿ ಪ್ರಸಾರಮಾಡಿ ಪಕ್ಕದಲ್ಲಿರುವ ರೇಡಿಯೋದಲ್ಲಿ ಕೇಳಿಸಬಲ್ಲುದು. ಅಡಿಗೆಮನೆಯ ಹಳೆಯ ರೇಡಿಯೋದಲ್ಲಿ ತಮ್ಮನ ಫೋನಿನ ಹಾಡು ಕೇಳಿಬಂದಾಗ ನಮ್ಮ ಮನೆಯಾಕೆಯು ಬೆರಗಾದುದು ನಮಗೆ ಈಗಲೂ ನೆನಪಿದೆ.

ದೋಷಗಳು

ಇಷ್ಟು ಗುಣಗಳಿರಲು ಈ ಫೋನು ಲೋಕವನ್ನೇ ಗೆಲ್ಲಬೇಕಾಗಿತ್ತು, ಗೆಲ್ಲಲಿಲ್ಲ. ಕಾರಣವೇನು? ಶರೀರವು ಬಲಿಷ್ಠವಾಗಿದ್ದರೂ ಅದನ್ನು ನಡೆಸುವ ಅಂತಃಕರಣವು ಹಳೆಯದಾಗಿತ್ತು. ಫೋನಿನ ಅಂತಃಕರಣವೆಂದರೆ ಅದರ ಆಪರೇಟಿಂಗ್ ಸಿಸ್ಟಮು. ಇದರದು ಸಿಂಬಿಯನ್ ಎಂಬುದು. ಆ ಹೆಸರಿನ ಸಂಸ್ಥೆಯು 1998ರಲ್ಲಿ ಸ್ಥಾಪಿತವಾಯಿತು. ಅದರ ಮೂಲವು ಇನ್ನೂ ಹಿಂದಿನ ಕಿಸೆಯ ಕಂಪ್ಯೂಟರುಗಳಲ್ಲಿತ್ತು. ಅಲ್ಪ ಸ್ಮರಣಶಕ್ತಿಯಲ್ಲಿ ಮಿತವ್ಯಯದಿಂದ ಸಂಸಾರ ಸಾಗಿಸುವ ಜಾಣತನ ಅದಕ್ಕಿತ್ತು. ಆದರೆ ಗುಂಡಿಯೊತ್ತುವ ಕಾಲಕ್ಕೆ ಬೆಳೆದ ವ್ಯವಸ್ಥೆಯನ್ನು ಬೆರಳಿನಿಂದ ಪರದೆಯನ್ನು ಸವರುವ ಕಾಲಕ್ಕೆ ಒಗ್ಗಿಸುವುದು ಸುಲಭವಾಗಲಿಲ್ಲ. 2007ರಲ್ಲಿ ಐಫೋನೂ 2008ರಲ್ಲಿ ಆಂಡ್ರಾಯ್ಡ್ ಫೋನೂ ಬಂದ ಮೇಲೆ ಜನರ ಬೆರಳುಗಳಿಗೆ ಹೊಸ ಅಭ್ಯಾಸವಾಗಿತ್ತು. ಎನ್ 8ರಲ್ಲಿಯಾದರೋ ಒಂದು ಸಣ್ಣ ಬದಲಾವಣೆಗೆ ಪಟ್ಟಿಯೊಳಗಿನ ಪಟ್ಟಿಯನ್ನು ತೆರೆಯಬೇಕು. ಫೋನನ್ನು ನೆಟ್ಟಗೆ ಹಿಡಿದು ಬರೆಯಹೊರಟರೆ ಹಳೆಯ ಅಂಕಿಗುಂಡಿಗಳ ಕ್ರಮವೇ ಬರುತ್ತಿತ್ತು. ಪೂರ್ಣ ಕೀಲಿಮಣೆ ಬೇಕಾದರೆ ಅಡ್ಡಡ್ಡ ಹಿಡಿಯಬೇಕು. 2011ರ ಸುಧಾರಣೆಯಲ್ಲಿ ಈ ಕುಂದನ್ನು ತಿದ್ದಿದರು. ಅಷ್ಟರಲ್ಲಿ ಗಿರಾಕಿಗಳು ಬೇರೆ ಅಂಗಡಿಯ ಮೆಟ್ಟಿಲನ್ನು ಹತ್ತಿದ್ದರು.

ಇತರ ಅಂಗಗಳಲ್ಲಿಯೂ ಕೊರತೆಯುಂಟು. ಇದರ ಪ್ರೊಸೆಸರಿನ ವೇಗವು 680 ಮೆಗಾಹರ್ಟ್ಸ್. ಸಮಕಾಲೀನವಾದ ದೊಡ್ಡ ಫೋನುಗಳಲ್ಲಿ ಅದು 1000ಕ್ಕೆ ಮುಟ್ಟಿತ್ತು. ಪರದೆಯ ಬಿಂದುಗಳು 640ಕ್ಕೆ 360. ಅದೇ ವರ್ಷದ, ಅದೇ ಅಳತೆಯ ಐಫೋನಿನ ಪರದೆಯಲ್ಲಿ 960ಕ್ಕೆ 640. ಎಂದರೆ ಕೋಟಿ ಬಿಂದುಗಳ ಚಿತ್ರವನ್ನು ತೆಗೆಯುವ ಯಂತ್ರವು ಅದನ್ನು ತನ್ನ ಪರದೆಯಲ್ಲಿ ತೋರಿಸುವಾಗ ಬಡತನವನ್ನು ಅನುಭವಿಸುತ್ತಿತ್ತು. ಕ್ಸೆನಾನ್ ದೀಪವು ಸ್ಥಿರಚಿತ್ರಕ್ಕೆ ಎಷ್ಟು ಉಪಕಾರಿಯೋ ವಿಡಿಯೋವಿಗೆ ಅಷ್ಟೇ ನಿರುಪಯೋಗಿ. ಅದು ಮಿಂಚಿನಂತೆ ಹೊಳೆಯುವುದೇ ಹೊರತು ದೀಪದಂತೆ ಉರಿಯುತ್ತಿರಲಾರದು.

ಎಲ್ಲಕ್ಕಿಂತ ವಿಚಾರಾರ್ಹವಾದುದು ಬ್ಯಾಟರಿ. ಇದರ ಸಂಗ್ರಹವು 1200 ಮಿಲಿಆಂಪಿಯರ್-ಗಂಟೆ; ಈಗಿನ ಅನೇಕ ಫೋನುಗಳಲ್ಲಿ ಇದು 5000 ಇರುತ್ತದೆ. ಅದನ್ನು ಬದಲಾಯಿಸಬೇಕಾದರೆ ತಿರುಪುಗಳನ್ನು ಬಿಚ್ಚಬೇಕು. ಹಳೆಯ ಫೋನುಗಳಂತೆ ಬೆನ್ನಿನ ಮುಚ್ಚಳವನ್ನು ಸರಿಸಿ ತೆಗೆಯುವಂತಿಲ್ಲ. ಒಬ್ಬನೇ ಸಂಪಾದಿಸುವ, ಹತ್ತು ಜನ ಉಣ್ಣುವ ಅವಿಭಕ್ತ ಕುಟುಂಬದಂತೆ ಇದರ ಸ್ಥಿತಿ. ಕ್ಯಾಮೆರಾ, ರೇಡಿಯೋ, ಪರದೆ, ಹಾಡು, ಮಾತು ಎಲ್ಲವೂ ಆ ಒಂದೇ ಬ್ಯಾಟರಿಯ ಅನ್ನವನ್ನು ಉಣ್ಣುತ್ತವೆ. ಬೇರೆಬೇರೆ ಯಂತ್ರಗಳಿದ್ದ ಕಾಲದಲ್ಲಿ ರೇಡಿಯೋವಿನ ಸೆಲ್ಲು ಮುಗಿದರೆ ಕ್ಯಾಮೆರಾ ನಿಲ್ಲುತ್ತಿರಲಿಲ್ಲ. ಈಗ ಒಂದರ ಭೋಗವು ಇನ್ನೊಂದಕ್ಕೆ ಉಪವಾಸವಾಗುತ್ತದೆ. ಬಹುಮಾಧ್ಯಮ ಫೋನಿನ ಗುಣವೇ ಅದರ ದೋಷಕ್ಕೆ ಬೀಜವಾಗಿರುವುದು ಹೀಗೆ. ಇದು ಎನ್ 8ಕ್ಕೆ ಮಾತ್ರವಲ್ಲ, ಇಂದಿನ ಫೋನುಗಳಿಗೂ ತಪ್ಪಿದ್ದಲ್ಲ.

ಒಂದು ಸಂಜೆಯ ಅನುಭವ

ಈ ಮಾತನ್ನು ನಾವು ಪುಸ್ತಕದಿಂದ ಕಲಿತವರಲ್ಲ. 2011ನೆಯ ಫೆಬ್ರವರಿಯಲ್ಲಿ, ಮಾಘಮಾಸದ ಒಂದು ಶುಭದಿನ, ನಮ್ಮ ತಾಯಿಯವರಿಗೆ ಸಹಸ್ರಚಂದ್ರದರ್ಶನ ಶಾಂತಿಯನ್ನು ನಡೆಸಿದೆವು. ತಮ್ಮನು ಹೊಸ ಫೋನನ್ನು ತಂದಿದ್ದನು. “ಅಣ್ಣ, ಇವತ್ತು ನೀನೇ ಹಿಡಿ, ನಾನು ಬಡಿಸುವ ಕಡೆ ನೋಡಿಕೊಳ್ಳುತ್ತೇನೆ” ಎಂದು ಅದನ್ನು ನಮ್ಮ ಕೈಗಿತ್ತನು. ಹೊಸ ಆಟಿಕೆ ದೊರೆತ ಮಗುವಿಗಿಂತ ನಾವು ಕಡಮೆಯಾಗಲಿಲ್ಲ. ಕಲಶವನ್ನು ತೆಗೆದೆವು, ಹೋಮದ ಹೊಗೆಯನ್ನು ತೆಗೆದೆವು, ಬಾಳೆಲೆಯ ಸಾಲನ್ನು ತೆಗೆದೆವು, ಕೊಟ್ಟಿಗೆಯ ಕರುವನ್ನೂ ಬಿಡಲಿಲ್ಲ. ಊಟವಾದ ಮೇಲೆ ಮಕ್ಕಳು ಹಠಮಾಡಲು, ಫೋನನ್ನು ಟಿವಿಗೆ ಜೋಡಿಸಿ ಬೆಳಗಿನ ಚಿತ್ರಗಳನ್ನೆಲ್ಲ ಎರಡೆರಡು ಸಲ ತೋರಿಸಿದೆವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದರು. ನಮ್ಮ ತಾಯಿಯವರು ತಮ್ಮ ತಾಯಿಯಿಂದ ಕಲಿತಿದ್ದ, ಹಸೆಗೆ ಕರೆಯುವ ಒಂದು ಹಳೆಯ ಹಾಡನ್ನು ಹೇಳಲಾರಂಭಿಸಿದರು. ಅದನ್ನು ಪೂರ್ತಿಯಾಗಿ ಬಲ್ಲವರು ನಮ್ಮ ಬಂಧುವರ್ಗದಲ್ಲಿ ಅವರೊಬ್ಬರೇ. ಯಾವ ಪುಸ್ತಕದಲ್ಲಿಯೂ ನಾವು ಅದನ್ನು ಕಂಡಿಲ್ಲ. ಫೋನನ್ನು ಎತ್ತಿ ಹಿಡಿದೆವು. ನಡುಮನೆಯಲ್ಲಿ ಮಬ್ಬು ಕವಿದಿತ್ತು. ಮೇಲಿನ ದೀಪವನ್ನು ಹಾಕಬೇಕೆಂದು ನಮಗೆ ತೋಚಲಿಲ್ಲ. ನಾಲ್ಕು ನಿಮಿಷವಾಗುವಷ್ಟರಲ್ಲಿ ಫೋನು ಆರಿತು. ಹಾಡು ಇನ್ನೂ ಅರ್ಧದಲ್ಲಿತ್ತು.

ಇದಕ್ಕಾಗಿ ಯಂತ್ರವನ್ನು ದೂರಲಾರೆವು. ಬೆಳಗಿನಿಂದ ಅದರ ಅನ್ನವನ್ನು ಕರುವಿಗೂ ಕಲಶಕ್ಕೂ ಹಂಚಿದವರು ನಾವೇ. ಇನ್ನೂ ದೊಡ್ಡ ಅಪರಾಧ ಮುಂದಿನದು. “ನಾಳೆ ಹಾಡಿಸಿದರಾಯಿತು” ಎಂದುಕೊಂಡೆವು. ನಾಳೆ ನೆಂಟರು ಹೊರಟರು. ತಮ್ಮನು ಫೋನಿನೊಡನೆ ಬೆಂಗಳೂರಿಗೆ ಹೋದನು. ನಮಗೆ ಶಾಲೆಯ ಪರೀಕ್ಷೆಗಳು ಬಂದವು. ತಾಯಿಯವರು ಆಮೇಲೆ ಎರಡೂವರೆ ವರ್ಷ ನಮ್ಮೊಡನಿದ್ದು 2013ರ ಶ್ರಾವಣದಲ್ಲಿ ತೀರಿಕೊಂಡರು. ಅಷ್ಟು ದಿನಗಳಲ್ಲಿ ಒಂದು ದಿನವೂ ಅವರ ಬಳಿ ಕಾಗದ ಲೇಖನಿಗಳನ್ನು ಹಿಡಿದು ಕುಳಿತು, “ಅಮ್ಮಾ, ಆ ಹಾಡಿನ ಕೊನೆ ಹೇಳು” ಎಂದು ನಾವು ಕೇಳಲಿಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಪದ್ಯಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟ್ರು ನಾವು.

ಕಾಲದ ಪರೀಕ್ಷೆ

ನಮ್ಮ ಮನೆಯಲ್ಲಿ ಶಾಂತಿ ನಡೆದ ಅದೇ 2011ರ ಫೆಬ್ರವರಿಯ 11ನೆಯ ತಾರೀಖು ನೋಕಿಯಾ ಸಂಸ್ಥೆಯವರು ತಮ್ಮ ಮುಂದಿನ ದೊಡ್ಡ ಫೋನುಗಳಿಗೆ ಮೈಕ್ರೋಸಾಫ್ಟಿನ ವಿಂಡೋಸ್ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವುದಾಗಿ ಸಾರಿದರು. ಕೊಂಡು ನಾಲ್ಕು ತಿಂಗಳಾಗಿರದ ಫೋನಿನ ವಂಶವು ಅಂದಿಗೆ ನಿಸ್ಸಂತಾನವಾಯಿತು. 2012ರಲ್ಲಿ ಪ್ರಕಟವಾದ, 41 ಮೆಗಾಪಿಕ್ಸೆಲಿನ 808 ಪ್ಯೂರ್‌ವ್ಯೂ ಎಂಬುದೇ ಅವರ ಕೊನೆಯ ಸಿಂಬಿಯನ್ ಫೋನಾಯಿತು. 2014ರ ಜನವರಿಯಿಂದ ಸಿಂಬಿಯನ್ನಿಗೆ ಹೊಸ ಆ್ಯಪುಗಳು ನಿಂತವು. ಅದೇ ವರ್ಷದ ಏಪ್ರಿಲಿನಲ್ಲಿ ನೋಕಿಯಾದ ಫೋನು ವ್ಯವಹಾರವೇ ಮೈಕ್ರೋಸಾಫ್ಟಿನ ವಶವಾಯಿತು. 2017ರ ಜೂನ್ 30ರ ಬಳಿಕ ವಾಟ್ಸ್ಆ್ಯಪೂ ಇದರಲ್ಲಿ ನಡೆಯದಾಯಿತು. ದೂರದ ಅನ್ಯರ ಕೃಪೆಯಿಂದ ನಡೆಯುತ್ತಿದ್ದ ವಿದ್ಯೆಗಳೆಲ್ಲ ಹೀಗೆ ಒಂದೊಂದಾಗಿ ಅಸ್ತಮಿಸಿದವು.

ಆದರೆ ವಾಚಕರು ಗಮನಿಸಬೇಕು: ತನ್ನ ಸ್ವಂತ ಒಡಲಿನಲ್ಲಿದ್ದ ವಿದ್ಯೆಗಳನ್ನು ಈ ಯಂತ್ರವು ಮರೆಯಲಿಲ್ಲ. ವಯೋಧರ್ಮದಿಂದ ಬ್ಯಾಟರಿಯು ಕುಗ್ಗಿದೆ; ಚಾರ್ಜರಿಗೆ ಸಿಕ್ಕಿಸಿಯೇ ಇಡಬೇಕು. ಹಾಗಿಟ್ಟರೆ ಈಗಲೂ ಏಳುತ್ತದೆ, ಚಿತ್ರ ತೆಗೆಯುತ್ತದೆ, ಹಾಡುತ್ತದೆ, ಟಿವಿಯಲ್ಲಿ ತೋರಿಸುತ್ತದೆ. ತಾಯಿಯವರ ಆ ನಾಲ್ಕು ನಿಮಿಷಗಳನ್ನು ತಮ್ಮನು ಅಂದೇ ಪೆನ್‌ಡ್ರೈವಿಗೆ ಸಾಗಿಸಿ ಇಟ್ಟಿದ್ದನು.

ಇದಕ್ಕೆ ವಿರುದ್ಧವಾದ ಅನುಭವವೂ ನಮಗುಂಟು. 2019ರಲ್ಲಿ ನಾವು ಬೇರೊಂದು ಫೋನನ್ನು ಕೊಂಡೆವು. ಅದರ ಹೆಸರು ಇಲ್ಲಿ ಬೇಡ. ಚಿತ್ರಗಳು ನಯನಮನೋಹರವಾಗಿ ಬರುತ್ತಿದ್ದವು. ಅವು ತಾವಾಗಿಯೇ ದೂರದ ಉಗ್ರಾಣವೊಂದಕ್ಕೆ ಸೇರಿ ಅಲ್ಲಿ ಭದ್ರವಾಗಿರುವುವೆಂದು ಅಂಗಡಿಯ ಹುಡುಗನು ಹೇಳಿದ್ದನು. ಆ ಫೋನು ನೀರಿಗೆ ಬಿದ್ದು ಕೆಟ್ಟಿತು. ನಂಬರೂ ಬದಲಾಗಿತ್ತು, ಪಾಸ್‌ವರ್ಡನ್ನು ನಾವು ಮರೆತಿದ್ದೆವು. ಮಗಳ ಸೀಮಂತದ ಚಿತ್ರಗಳು ಆ ಉಗ್ರಾಣದಲ್ಲಿ ಇಂದಿಗೂ ಇರಬಹುದು. ಬೀಗದ ಕೈ ನಮ್ಮಲ್ಲಿಲ್ಲ.

ಈ ಎರಡು ಅನುಭವಗಳಿಂದ ನಾವು ಕಂಡುಕೊಂಡುದು ಇಷ್ಟೇ: ಬಹುಮಾಧ್ಯಮ ಫೋನಿನ ಯೋಗ್ಯತೆಯನ್ನು ಅದು ಬದುಕಿರುವಾಗ ತೋರಿಸುವ ಆಟಗಳಿಂದ ಮಾತ್ರ ಅಳೆಯಬಾರದು, ಅದು ಅಳಿದ ಮೇಲೆ ಮನೆಯಲ್ಲಿ ಏನನ್ನು ಉಳಿಸಿಹೋಗುತ್ತದೆ ಎಂಬುದರಿಂದಲೂ ಅಳೆಯಬೇಕು.

ಕೊಳ್ಳುವವರಿಗೆ ನಾಲ್ಕು ಮಾತು

ಆ ಹೆಣ್ಣುಮಗಳಿಗೆ ನಾವು ಹೇಳಿದುದನ್ನೇ ವಾಚಕರಿಗೂ ನಿವೇದಿಸುತ್ತೇವೆ.

ಒಂದು: ಮೆಗಾಪಿಕ್ಸೆಲಿನ ಅಂಕಿಗೆ ಮರುಳಾಗಬೇಡಿರಿ. ಅಂಗಡಿಯ ಥಳಥಳಿಸುವ ದೀಪಗಳ ಕೆಳಗೆ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ಕಾಣುತ್ತವೆ. ಜೊತೆಗೆ ಬಂದವರನ್ನು ಅಂಗಡಿಯ ಕತ್ತಲೆಯ ಮೂಲೆಯಲ್ಲಿ ನಿಲ್ಲಿಸಿ ಒಂದು ಚಿತ್ರವನ್ನೂ, ನಡೆದಾಡಿಸಿ ಒಂದು ವಿಡಿಯೋವನ್ನೂ ತೆಗೆಯಿರಿ. ಅಲ್ಲಿ ಮುಖವು ಸ್ಪಷ್ಟವಾಗಿ ಕಂಡರೆ ಅದು ಒಳ್ಳೆಯ ಕ್ಯಾಮೆರಾ. ತೆಗೆದ ವಿಡಿಯೋವಿನ ಧ್ವನಿಯನ್ನೂ ಕೇಳಿರಿ. ಅನೇಕರು ಇದನ್ನು ಮರೆಯುತ್ತಾರೆ.

ಎರಡು: ಸಾಫ್ಟ್‌ವೇರಿನ ಸುಧಾರಣೆಗಳನ್ನು ಎಷ್ಟು ವರ್ಷ ಕೊಡುವರೆಂಬುದನ್ನು ಕೇಳಿ ತಿಳಿಯಿರಿ. ಶರೀರವು ಗಟ್ಟಿಯಾಗಿದ್ದು ಅಂತಃಕರಣವು ಬೇಗ ಮುಪ್ಪಾಗುವ ಯಂತ್ರದಿಂದ ಹಣವು ವ್ಯರ್ಥ.

ಮೂರು: ಬ್ಯಾಟರಿಯ ಸಂಗ್ರಹವೆಷ್ಟು, ಕುಗ್ಗಿದಾಗ ಬದಲಾಯಿಸಲು ನಿಮ್ಮ ಊರಿನಲ್ಲಿ ಅನುಕೂಲವುಂಟೇ, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬುದನ್ನು ಮೊದಲೇ ವಿಚಾರಿಸಿರಿ. ಶುಭಕಾರ್ಯದ ದಿನ ಫೋನನ್ನು ಮಕ್ಕಳ ಆಟಕ್ಕೆ ಕೊಡದೆ ಮುಖ್ಯ ಹೊತ್ತಿಗೆ ಕಾದಿರಿಸಿರಿ.

ನಾಲ್ಕು: ಚಿತ್ರಗಳನ್ನು ಫೋನಿನಿಂದ ಕೇಬಲಿನ ಮೂಲಕ ಹೊರಕ್ಕೆ ತೆಗೆಯುವ ದಾರಿಯನ್ನು ಕೊಳ್ಳುವ ದಿನವೇ ಕಲಿತುಕೊಳ್ಳಿರಿ. ಬೇಕಾದುದನ್ನು ಮೂರು ಕಡೆ ಇಡಿರಿ: ಫೋನಿನಲ್ಲಿ ಒಂದು, ಪೆನ್‌ಡ್ರೈವಿನಲ್ಲೋ ಕಂಪ್ಯೂಟರಿನಲ್ಲೋ ಒಂದು, ದೂರದ ಉಗ್ರಾಣದಲ್ಲಿ ಒಂದು. ಆ ಉಗ್ರಾಣದ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಒಡವೆಯ ಪೆಟ್ಟಿಗೆಯಲ್ಲಿ ಇಡಿರಿ.

ಇಷ್ಟನ್ನೂ ಕೇಳಿದ ಮೇಲೆ ಅವಳು, “ಮೇಷ್ಟ್ರೇ, ಅಜ್ಜಿಯವರ ಹಾಡನ್ನು ಒಂದು ಸಲ ಕೇಳಬಹುದೇ?” ಎಂದಳು. ಫೋನನ್ನು ಟಿವಿಗೆ ಜೋಡಿಸಿದೆವು. ಮಬ್ಬಿನಲ್ಲಿ ತಾಯಿಯವರ ಮುಖ ಅರ್ಧ ಕಾಣುತ್ತಿತ್ತು. ಧ್ವನಿ ಮಾತ್ರ ನಿನ್ನೆಯದೋ ಎಂಬಂತೆ ಸ್ವಚ್ಛವಾಗಿತ್ತು. ನಮ್ಮ ಮನೆಯಾಕೆಯೂ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ನಾಲ್ಕು ನಿಮಿಷವಾಯಿತು, ಒಂದು ಪದದ ನಡುವೆ ಹಾಡು ನಿಂತಿತು. ಅವಳು ಸ್ವಲ್ಪ ಹೊತ್ತು ಕಾದು, “ಮುಂದೆ?” ಎಂದಳು.

“ಮುಂದೆ ಇಲ್ಲ, ತಾಯಿ. ಮನೆಯಲ್ಲಿ ನಿನ್ನ ಅತ್ತೆಯವರು ಹಾಡುತ್ತಾರಲ್ಲವೇ?” ಎಂದು ಕೇಳಿದೆವು. “ಹೌದು, ದಿನವೂ ಹೂ ಕಟ್ಟುವಾಗ” ಎಂದಳು. “ಹಾಗಾದರೆ ಹೊಸ ಫೋನು ಬರುವ ತನಕ ಕಾಯಬೇಡ. ಈಗ ನಿನ್ನ ಕೈಯಲ್ಲಿ ಇರುವುದರಲ್ಲಿಯೇ ಇಂದು ಸಂಜೆ ಹಿಡಿದಿಡು” ಎಂದೆವು.

ವಾಚಕರಿಗೂ ನಮ್ಮ ವಿಜ್ಞಾಪನೆ ಇದೇ. ಯಂತ್ರದ ಗುಣದೋಷಗಳನ್ನು ವಿಚಾರಮಾಡಿಯೇ ಕೊಳ್ಳಬೇಕು. ಆದರೆ ಉತ್ತಮ ಯಂತ್ರವು ಮುಂದಿನ ವರ್ಷವೂ ಅಂಗಡಿಯಲ್ಲಿ ದೊರೆಯುತ್ತದೆ. ಮನೆಯ ಹಿರಿಯರ ಧ್ವನಿಯು ಹಾಗಲ್ಲ. ಎಲ್ಲರಿಗೂ ಶುಭವಾಗಲಿ.